ಮನೆಗೆ ಬೀಗ, ಹೊಲಕ್ಕೆ ಗುತ್ತಿಗೆ

ಬೀಗಕ್ಕೆ ಯಾರೋ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು, ಮಳೆ ನೀರಿಳಿದು ತುಕ್ಕು ಹಿಡಿಯಬಾರದೆಂದು. ಚಿಲಕಕ್ಕೆ ಕಟ್ಟಿದ್ದ, ಶುಭ ಹಾರೈಸುವ ಬಿಳಿ ಕತಾ ಬಟ್ಟೆ ಧೂಳು ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ಮಾತ್ರ ಜೀವಕಳೆ ಇತ್ತು. ಮುಸುಕಿನ ಜೋಳದ ಕಾಳನ್ನು ಉದ್ದಗಲ ಹರಡಿದ್ದ ಒಬ್ಬರು ಬರಿಗಾಲಲ್ಲಿ ಸಾಲು ಎಳೆಯುತ್ತ, ಬೆರಳಲ್ಲಿ ನಾಲ್ಕು ಕಾಳೆತ್ತಿ ಹಲ್ಲಲ್ಲಿ ಕಡಿದು, ‘ಇನ್ನೂ ಎರಡು ಬಿಸಿಲು ಬೇಕು’ ಅಂದರು. ಮನೆ ಅವರದಲ್ಲ, ಹೊಲವೂ ಅವರದಲ್ಲ. ಊರು ಪಕ್ಕದ್ದು. ಮನೆಯವರು ಪ್ಯಾರಿಸ್ ಕಡೆ ಹೋಗಿ ನಾಲ್ಕು ವರ್ಷವಾಯಿತಂತೆ. ಕೀಲಿಕೈ ಮಾತ್ರ ಇವರ ಉಡಿದಾರದಲ್ಲಿತ್ತು.

ಇದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿರುವ ಟಿಬೆಟಿನ ನಿರಾಶ್ರಿತರ ಒಂದು ಕ್ಯಾಂಪು. ಮೈಸೂರು–ಮಡಿಕೇರಿ ರಸ್ತೆಯಲ್ಲಿ ಕುಶಾಲನಗರಕ್ಕೆ ಹೋಗಲು ಕಾವೇರಿ ದಾಟುವ ಮುನ್ನ ಎಡಕ್ಕೆ ತಿರುಗಿದರೆ ಕೊಪ್ಪ, ಅಲ್ಲಿಂದ ಮುಂದೆ ಚಿನ್ನದ ದೇವಸ್ಥಾನ. ಪ್ರವಾಸಿಗರಿಗೆ ಬೈಲುಕುಪ್ಪೆ ಎಂದರೆ ಅಷ್ಟೇ: ನಾಮ್‌ಡ್ರೋಲಿಂಗ್ ವಿಹಾರದ ಮೂರು ಬೃಹತ್ ಮೂರ್ತಿಗಳು, ಒಂದು ಸೆಲ್ಫಿ, ಒಂದು ಪ್ಲೇಟು ಮೊಮೊ. ದೇವಸ್ಥಾನದ ಬೆನ್ನಿಗೆ ಹೊಲಗಳ ನಡುವೆ ಹರಡಿಕೊಂಡಿರುವ ಕ್ಯಾಂಪುಗಳ ಕಡೆ ಕಾರು ಹೋಗುವುದು ಕಡಿಮೆ. ಹೋದರೆ ಕಾಣುವುದು ಬೀಗ. ಒಂದು ಓಣಿಯಲ್ಲಿ ನಿಂತು ಎಣಿಸತೊಡಗಿ, ಆರನೆಯದಕ್ಕೆ ಸಾಕೆನಿಸಿ ಬಿಟ್ಟೆ.

ಯುರೋಪಿನಿಂದ ಈಗ ಬರುವ ಸುದ್ದಿಯಲ್ಲಿ ಅರ್ಧ ವಲಸೆಯದೇ. 2015ರಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದಿಳಿದಾಗಿನಿಂದ ಅಲ್ಲಿನ ಚುನಾವಣೆಗಳು ‘ಯಾರು ಬರಬೇಕು, ಎಷ್ಟು ಬರಬೇಕು’ ಎಂಬುದರ ಸುತ್ತಲೇ ತಿರುಗುತ್ತಿವೆ. 2024ರಲ್ಲಿ ಯುರೋಪಿಯನ್ ಒಕ್ಕೂಟ ವಲಸೆ ಮತ್ತು ಆಶ್ರಯಕ್ಕೆ ಹೊಸ ಒಪ್ಪಂದವನ್ನೇ ಮಾಡಿಕೊಂಡಿತು. ಹೊರಗಿನವರು ಬಂದು ಊರು ಬದಲಾಯಿತು ಎನ್ನುವುದು ಅಲ್ಲಿನ ಗೋಳು. ನಮ್ಮ ಮೈಸೂರು ಜಿಲ್ಲೆಯ ಪಡುವಣ ಅಂಚು ಅದೇ ಕಥೆಯನ್ನು 1960ರಲ್ಲೇ ಶುರು ಮಾಡಿತ್ತು. ಈಗ ಅದನ್ನು ತಿರುವುಮುರುವಾಗಿ ನೋಡುತ್ತಿದೆ. ಇಲ್ಲಿನ ಅಂಗಡಿಯವರ, ಆಟೊದವರ, ಗುತ್ತಿಗೆ ರೈತರ ಬಾಯಲ್ಲಿ ಕೇಳುವ ಮಾತು ‘ಅವರೆಲ್ಲ ಬಂದುಬಿಟ್ಟರು’ ಎಂದಲ್ಲ, ‘ಅವರೆಲ್ಲ ಹೋಗ್ತಾವ್ರೆ ಸಾರ್’ ಎಂದು.

ಬಂದಿದ್ದು ಹೇಗೆ ಎಂಬುದನ್ನು ಮೊದಲು ನೋಡೋಣ. 1959ರ ಮಾರ್ಚ್ ಕೊನೆಗೆ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಬೆನ್ನಿಗೆ ಸಾವಿರಾರು ಜನ. ಮೊದಮೊದಲು ಅವರನ್ನು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸಕ್ಕೆ ಹಚ್ಚಿದರು. ನೆಹರೂ ರಾಜ್ಯಗಳಿಗೆ ಪತ್ರ ಬರೆದು ನೆಲ ಕೇಳಿದಾಗ ಅಂದಿನ ಮೈಸೂರು ರಾಜ್ಯ ಧಾರಾಳವಾಗಿ ಒಪ್ಪಿಕೊಂಡು, ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡನ್ನು ಗುತ್ತಿಗೆಗೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಹಿಮದ ನಾಡಿನ ಜನ, ಮೈಮೇಲೆ ಕುರಿತುಪ್ಪಟದ ನಿಲುವಂಗಿ, ಎದುರಿಗೆ ಬಿದಿರು ಮೆಳೆಯ ದಟ್ಟ ಕಾಡು. ಮರ ಕಡಿದು ಬೆಂಕಿ ಹಚ್ಚಿದರು. ಬಿಸಿಲಿಗೆ, ಕ್ಷಯಕ್ಕೆ ಎಷ್ಟೋ ಜನ ಸತ್ತರು. ಬಿತ್ತಿದ್ದನ್ನು ಆನೆ ಹಂದಿಗಳು ತಿಂದವು. ಅವರ ನಿತ್ಯದ ಊಟ ತ್ಸಂಪಾ. ಬಾರ್ಲಿ ಹುರಿದು ಬೀಸಿದ ಹಿಟ್ಟು, ನಮ್ಮ ಹುರಿಹಿಟ್ಟಿನ ಅಣ್ಣತಮ್ಮ. ಬಾರ್ಲಿ ಈ ನೆಲಕ್ಕೆ ಒಗ್ಗುವಂಥದ್ದಲ್ಲ. ಕೈಹಿಡಿದದ್ದು ಮುಸುಕಿನ ಜೋಳ. ಅರವತ್ತು ವರ್ಷ ಕಳೆದರೂ ಆ ಬೆಳೆ ಆ ಹೊಲಗಳನ್ನು ಬಿಟ್ಟಿಲ್ಲ, ಬೆಳೆಯುವ ಕೈ ಮಾತ್ರ ಬದಲಾಗಿದೆ.

ಆ ಮೊದಲ ವಸತಿಗೆ ಲುಗ್‌ಸುಂಗ್ ಸಂದುಪ್‌ಲಿಂಗ್ ಎಂದು ಹೆಸರಾಯಿತು. 1969ರಲ್ಲಿ ಪಕ್ಕದಲ್ಲೇ ಡಿಕ್ಯಿ ಲಾರ್ಸೋ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್‌ಗೇಲಿಂಗ್. ಈ ಹೆಸರುಗಳು ನಮ್ಮ ನಾಲಗೆಗೆ ಬಂದಿದ್ದು ಕಡಿಮೆ. ಜನರಿಗೆ ಅವು ಹಳೇ ಕ್ಯಾಂಪು, ಹೊಸ ಕ್ಯಾಂಪು, ಫೋರ್ತ್ ಕ್ಯಾಂಪು, ಗುರುಪುರ ಕ್ಯಾಂಪು. ಲಾಸಾದ ಬಳಿಯಿದ್ದ ಸೆರಾ ಮಹಾವಿಹಾರ 1970ರಲ್ಲಿ ಬೈಲುಕುಪ್ಪೆಯಲ್ಲಿ ಮತ್ತೆ ತಲೆಯೆತ್ತಿತು. ಗ್ಯುಮೆ ತಾಂತ್ರಿಕ ವಿಹಾರ ಗುರುಪುರಕ್ಕೆ ಬಂತು. ಪೆನೋರ್ ರಿಂಪೋಚೆ 1963ರಲ್ಲಿ ಬಿದಿರಿನ ಚಪ್ಪರದಂಥ ಗುಡಿಯಿಂದ ಆರಂಭಿಸಿದ ನಾಮ್‌ಡ್ರೋಲಿಂಗ್‌ನಲ್ಲಿ 1999ರಲ್ಲಿ ಚಿನ್ನದ ದೇವಸ್ಥಾನ ಎದ್ದಿತು.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಟಿಬೆಟಿನವರಿಗೆ ನೆಲೆ ಕಲ್ಪಿಸಲೆಂದೇ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಕ್ಯಾಂಪುಗಳ ಕೆಲಸ ಮುಗಿಯುತ್ತ ಬಂದಂತೆ ಅದು ಸುತ್ತಲಿನ ಕನ್ನಡದ ಬಡ ಹಳ್ಳಿಗಳ ಕಡೆ ತಿರುಗಿತು. ಎಂಬತ್ತರ ದಶಕದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿದ ಮೊದಲಿಗರಲ್ಲಿ ಅದೂ ಒಂದು. ಹೆಗ್ಗಡದೇವನಕೋಟೆಯಲ್ಲೂ ಅದು ವರ್ಷಗಟ್ಟಲೆ ದುಡಿಯಿತು. ಇವತ್ತು ನಮ್ಮ ಹೆಣ್ಣುಮಕ್ಕಳು ‘ಸಂಘಕ್ಕೆ ದುಡ್ಡು ಕಟ್ಟಬೇಕು’ ಅನ್ನುವಾಗ ಆ ಮಾತಿನ ಒಂದು ಬೇರು ನಿರಾಶ್ರಿತರ ಕ್ಯಾಂಪಿನಲ್ಲಿದೆ. ಹೊರಗಿನಿಂದ ಬಂದವರು ಊರಿಗೆ ಏನು ಕೊಟ್ಟರು ಎಂಬ ಲೆಕ್ಕ ಹಾಕುವವರು ಸ್ವೆಟರು, ಮೊಮೊಗಳ ಆಚೆಗೆ ಇದನ್ನೂ ಬರೆದುಕೊಳ್ಳಬೇಕು.

ಇನ್ನು ಹೊರಟಿದ್ದು. ನೆಲವನ್ನು ಸುಮಾರಾಗಿ ತಲೆಗೊಂದು ಎಕರೆ ಲೆಕ್ಕದಲ್ಲಿ ಹಂಚಿದ್ದರು. ಅದು ಗುತ್ತಿಗೆ ನೆಲ, ಮಾರುವಂತಿಲ್ಲ, ಹೊಸದು ಕೊಳ್ಳುವಂತಿಲ್ಲ. ಮಕ್ಕಳು ಹುಟ್ಟಿದರು, ನೆಲ ಹುಟ್ಟಲಿಲ್ಲ. ನಮ್ಮ ರೈತನಿಗೆ ಆದದ್ದೇ ಅವರಿಗೂ ಆಯಿತು, ಆದರೆ ನಮ್ಮವನಿಗೆ ಪಹಣಿ ಇತ್ತು. ಹಾಗಾಗಿ ಸ್ವೆಟರು. ಅಕ್ಟೋಬರ್ ಬಂತೆಂದರೆ ಲೂಧಿಯಾನದ ಮಾಲು ಹೊತ್ತು ಟಿಬೆಟಿನವರು ದೇಶದ ಊರೂರಿಗೆ ಹೊರಡುತ್ತಿದ್ದರು. ನಾನು ಮಗುವಾಗಿದ್ದಾಗ ಹಾಕಿಕೊಂಡ ಮೊದಲ ಉಣ್ಣೆ ಬಟ್ಟೆ ಅಂಥ ಒಬ್ಬ ಅಜ್ಜಿಯ ಗುಡ್ಡೆಯಿಂದಲೇ ಬಂದದ್ದು. ನಮ್ಮವ್ವ ಅರ್ಧಕ್ಕರ್ಧ ಬೆಲೆ ಕೇಳಿದಾಗ ಆ ಅಜ್ಜಿ ‘ಬರಲ್ಲಮ್ಮಾ, ಬರಲ್ಲ’ ಎಂದು ಅಚ್ಚ ಮೈಸೂರು ಕನ್ನಡದಲ್ಲಿ ತಲೆಯಾಡಿಸಿದ್ದು ಇನ್ನೂ ಕಣ್ಣ ಮುಂದಿದೆ. ಈಗ ಹೊದಿಕೆ, ಸ್ವೆಟರುಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಆ ವ್ಯಾಪಾರಕ್ಕೆ ಮಕ್ಕಳು ಒಲ್ಲೆ ಅನ್ನುತ್ತಾರೆ.

ನೆಲ, ವ್ಯಾಪಾರ ಎರಡೂ ಹೋಯಿತೆಂದೇ ಜನ ಹೊರಟರು ಅಂದರೆ ಅರ್ಧ ಸತ್ಯ. ಉಳಿದರ್ಧ ಕಾಗದದ್ದು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಬೈಲುಕುಪ್ಪೆಯಲ್ಲೇ ಹುಟ್ಟಿ ಬೆಳೆದವನೂ ಕಾಗದದ ಮೇಲೆ ವಿದೇಶಿ. ನಮಗೆ ರೇಷನ್ ಕಾರ್ಡು ಹೇಗೋ ಅವರಿಗೆ ಆರ್‌ಸಿ ಹಾಗೆ, ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಇಲ್ಲ, ಐಸಿ ಎಂಬ ಹಳದಿ ಪುಸ್ತಕ ಇದೆ. ಅದನ್ನು ಕಂಡರೆ ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಅಧಿಕಾರಿಗಳು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಹೊರಗೆ ಹೋಗಲೂ ಪರವಾನಗಿ, ಮರಳಿ ಬರಲೂ ಪರವಾನಗಿ. ನಿಮ್ಮ ಮನೆಗೆ ನೀವು ಬರಲು ಯಾರನ್ನೋ ಕೇಳುವುದು ಎಂದರೇನು ಎಂಬುದು ಪಾಸ್‌ಪೋರ್ಟ್ ಜೇಬಿನಲ್ಲಿರುವವರಿಗೆ ಅರ್ಥವಾಗುವುದು ಕಷ್ಟ.

ವಿಚಿತ್ರವೆಂದರೆ ಕಾನೂನಿನ ಪ್ರಕಾರ ಅವರಲ್ಲಿ ಬಹಳ ಮಂದಿ ಭಾರತೀಯರೇ. 1955ರ ಪೌರತ್ವ ಕಾಯ್ದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ತಂದೆ ತಾಯಿ ಯಾರೇ ಆಗಿರಲಿ. ಟಿಬೆಟಿನವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ ಎಂಬಂತೆ ಸರಕಾರ ನಡೆದುಕೊಂಡಿತ್ತು. 2010ರಲ್ಲಿ ದೆಹಲಿ ಹೈಕೋರ್ಟು ನಾಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ಅದು ತಪ್ಪೆಂದಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದನ್ನೇ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟು ಪಾಸ್‌ಪೋರ್ಟ್ ಕೊಡಿ ಎಂದು ಮತ್ತೆ ಹೇಳಬೇಕಾಯಿತು. 2017ರಲ್ಲಿ ವಿದೇಶಾಂಗ ಇಲಾಖೆ ಒಪ್ಪಿತು, ಷರತ್ತು ಸಮೇತ: ಆರ್‌ಸಿ, ಐಸಿ ರದ್ದು ಮಾಡಿಸಬೇಕು, ಟಿಬೆಟಿಯನ್ ವಸತಿಯಲ್ಲಿ ವಾಸ ಮಾಡಬಾರದು, ನಿರಾಶ್ರಿತರಿಗೆಂದಿರುವ ಸವಲತ್ತು ಬಿಡಬೇಕು.

ಅಂದರೆ, ಈ ದೇಶದವನಾಗು, ಆದರೆ ನಿನ್ನಪ್ಪ ಕಾಡು ಕಡಿದು ಕಟ್ಟಿದ ಮನೆಯಿಂದ ಹೊರಡು.

ಅತ್ತ ಪೌರತ್ವ ಪಡೆದರೆ ಟಿಬೆಟಿನ ಆಸೆಯನ್ನೇ ಬಿಟ್ಟಂತೆ ಎನ್ನುವ ಹಿರಿಯರ ಅಳುಕು ಬೇರೆ. ಇದರ ನಡುವೆ ಓದಿದ ಮಗಳು ನರ್ಸಿಂಗ್ ಮುಗಿಸಿದ್ದಾಳೆ, ಮಗ ಕಂಪ್ಯೂಟರ್ ಕಲಿತಿದ್ದಾನೆ. ಸರಕಾರಿ ಕೆಲಸ ಇಲ್ಲ. ಸೋದರತ್ತೆ ಟೊರಾಂಟೊದಲ್ಲಿದ್ದಾಳೆ. ಮುಂದಿನದನ್ನು ಯಾರು ಬೇಕಾದರೂ ಊಹಿಸಬಹುದು.

ಬಾಗಿಲು ಮೊದಲು ತೆರೆದದ್ದು ಯುರೋಪೇ. 1963ರಲ್ಲಿ ಸ್ವಿಟ್ಜರ್ಲೆಂಡ್ ಒಂದು ಸಾವಿರ ಟಿಬೆಟಿನವರನ್ನು ಕರೆಸಿಕೊಳ್ಳಲು ಒಪ್ಪಿತು. ಜ್ಯೂರಿಕ್ ಬಳಿಯ ರಿಕೊನ್ ಎಂಬ ಊರಿನ ಪಾತ್ರೆ ಕಾರ್ಖಾನೆಯಲ್ಲಿ ಅವರಲ್ಲಿ ಹಲವರಿಗೆ ಕೆಲಸ ಸಿಕ್ಕಿತು. ಕಾರ್ಖಾನೆಯ ಮಾಲೀಕರೇ ಅಲ್ಲೊಂದು ವಿಹಾರ ಕಟ್ಟಿಸಿದರು. ಎಪ್ಪತ್ತರ ದಶಕದ ಆರಂಭದಲ್ಲಿ ಕೆನಡಾ ಇನ್ನೂರು ಚಿಲ್ಲರೆ ಜನರನ್ನು ಕರೆದುಕೊಂಡಿತು. ಅಮೆರಿಕದ್ದು ದೊಡ್ಡ ತಿರುವು. 1990ರ ವಲಸೆ ಕಾಯ್ದೆಯಲ್ಲಿ ಭಾರತ, ನೇಪಾಳದಲ್ಲಿದ್ದ ಟಿಬೆಟಿನವರಿಗೆ 1,000 ವೀಸಾ. ಬಹುಪಾಲು ಚೀಟಿ ಎತ್ತಿ ಆರಿಸಿದರು. ಹೋದ ಸಾವಿರ ಜನ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಇತ್ತೀಚಿನವರ ದಾರಿ ಹೆಚ್ಚಾಗಿ ಫ್ರಾನ್ಸ್, ಬೆಲ್ಜಿಯಂ. ಪ್ಯಾರಿಸ್ ಹತ್ತಿರ ಕೊನ್‌ಫ್ಲಾನ್ಸ್ ಎಂಬಲ್ಲಿ ನದಿಯ ದಡದಲ್ಲಿ ಡೇರೆ ಹಾಕಿ ಮಲಗಿ, ಆಶ್ರಯದ ಅರ್ಜಿಗೆ ಕಾದವರಿದ್ದಾರೆ. ಅಪ್ಪ ಬೈಲುಕುಪ್ಪೆಯಲ್ಲಿ ಡೇರೆಯಿಂದ ಶುರು ಮಾಡಿದ್ದ, ಮಗ ಸೀನ್ ನದಿಯ ಪಕ್ಕ ಮತ್ತೆ ಡೇರೆಯಿಂದ.

2009ರಲ್ಲಿ ದೇಶಾಂತರದಲ್ಲಿರುವ ಟಿಬೆಟಿಯನ್ ಆಡಳಿತ ತಾನೇ ಮಾಡಿಸಿದ ಗಣತಿಯಲ್ಲಿ ಭಾರತದಲ್ಲಿದ್ದವರು 94,203. ಹತ್ತು ವರ್ಷದ ಬಳಿಕ ನಮ್ಮ ಗೃಹ ಇಲಾಖೆಯ ಲೆಕ್ಕದಲ್ಲಿ ಅವರು ಸುಮಾರು 72 ಸಾವಿರ. ಮೇಲಿನಿಂದ ಬರುವವರೂ ನಿಂತುಹೋದರು. ಮೊದಲು ವರ್ಷಕ್ಕೆ ಎರಡು ಮೂರು ಸಾವಿರ ಜನ ಹಿಮಾಲಯ ದಾಟುತ್ತಿದ್ದರು. 2008ರ ಲಾಸಾ ಗಲಭೆಯ ನಂತರ ಚೀನಾ ಗಡಿ ಬಿಗಿ ಮಾಡಿತು, ಈಗ ಬರುವವರು ಬೆರಳೆಣಿಕೆ. ಇತ್ತ ಹೆರುವುದೂ ಕಡಿಮೆ. ಶಾಲೆಗಳಲ್ಲಿ ಬೆಂಚು ಖಾಲಿ. ವಿಹಾರಗಳ ಹಜಾರ ಮಾತ್ರ ತುಂಬಿವೆ ಅನ್ನಿಸುತ್ತದೆ, ಆದರೆ ಕಂದು ವಸ್ತ್ರದ ಆ ಹುಡುಗರನ್ನು ಮಾತಾಡಿಸಿ ನೋಡಿ: ಒಬ್ಬ ಲಡಾಖಿನವನು, ಒಬ್ಬ ಅರುಣಾಚಲದವನು, ಮತ್ತೊಬ್ಬ ನೇಪಾಳದವನು, ಭೂತಾನಿನವನು.

ಇದರ ಪಕ್ಕಕ್ಕೆ ಯುರೋಪಿನ ಇನ್ನೊಂದು ಕಥೆ ಇಟ್ಟು ನೋಡಿ. 1961ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿ ಟರ್ಕಿಯಿಂದ ಕಾರ್ಮಿಕರನ್ನು ತರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅವರಿಗೆ ‘ಅತಿಥಿ ಕಾರ್ಮಿಕರು’ ಎಂದು ಹೆಸರು. ಬರುತ್ತಾರೆ, ದುಡಿಯುತ್ತಾರೆ, ಹೋಗುತ್ತಾರೆ ಎಂಬ ನಂಬಿಕೆ. ಅದೇ ಹೊತ್ತಿಗೆ ಬೈಲುಕುಪ್ಪೆಯ ಕಾಡಿನಲ್ಲಿ ಹೊಗೆ ಏಳುತ್ತಿತ್ತು. ಇಲ್ಲಿಯೂ ಅದೇ ನಂಬಿಕೆ, ಇನ್ನೇನು ಟಿಬೆಟಿಗೆ ವಾಪಸು. ಎರಡು ಕಡೆಯೂ ‘ತಾತ್ಕಾಲಿಕ’ ಎಂಬ ಪದ ಅರವತ್ತು ವರ್ಷ ಬಾಳಿತು. ಟರ್ಕಿಯವರು ಜರ್ಮನಿಯಲ್ಲೇ ಉಳಿದು, ಕೊನೆಗೆ ಅಲ್ಲಿಯ ಕಾನೂನೇ ಅವರಿಗಾಗಿ ಬದಲಾಗಬೇಕಾಯಿತು. ಇಲ್ಲಿ ಕಾನೂನು ಬದಲಾಗಲಿಲ್ಲ, ಜನ ಹೊರಟರು. ನನ್ನ ಪ್ರಕಾರ ಬೈಲುಕುಪ್ಪೆಯ ಬೀಗಗಳಿಗೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಆಶ್ರಯ ಕೊಟ್ಟೆವು, ದೊಡ್ಡ ಮನಸ್ಸಿನಿಂದಲೇ ಕೊಟ್ಟೆವು. ಆದರೆ ಜಗಲಿಯಲ್ಲೇ ಕೂರಿಸಿದೆವು, ಒಳಗೆ ಬಾ ಅನ್ನಲಿಲ್ಲ.

ಹೀಗೆಂದ ಕೂಡಲೇ ಹೆಗ್ಗಡದೇವನಕೋಟೆ ಕಡೆಯ ಓದುಗರು ಎದ್ದು ನಿಲ್ಲುತ್ತಾರೆ. ನಿಲ್ಲಲೇಬೇಕು. ಗುರುಪುರದಲ್ಲಿ ಟಿಬೆಟಿನವರಿಗೆ ನೆಲ ಅಳೆದು ಕೊಟ್ಟ ಆ ಎಪ್ಪತ್ತರ ದಶಕದಲ್ಲೇ, ಅದೇ ಕಾಡಿನ ಇನ್ನೊಂದು ಮಗ್ಗುಲಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಒಕ್ಕಲೆದ್ದರು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು, ಹಳ್ಳಿಗಳೂ ಹಾಡಿಗಳೂ ಮುಳುಗಿದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗುತ್ತ ಹೋದಂತೆ ಉಳಿದವರನ್ನೂ ಹೊರಗೆ ಕಳಿಸಿದರು. ಹೈಕೋರ್ಟಿನ ಸೂಚನೆಯಂತೆ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿ ಹೀಗೆ ಎತ್ತಂಗಡಿಯಾದ 3,418 ಕುಟುಂಬಗಳನ್ನು ಗುರುತಿಸಿತು. ಇವರಿಗೆ ಸ್ವಿಟ್ಜರ್ಲೆಂಡ್ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಹಾಡಿ ಬಾಗಿಲಿಗೆ ಬರುವ ಜೀಪು, ಕೊಡಗಿನ ಕಾಫಿ ತೋಟ, ಸಂಜೆಗೆ ಕೂಲಿ. ಪರದೇಶದವರಿಗೆ ಕಾಡು ಕಡಿದು ಊರು, ಕಾಡಿನವರಿಗೆ ಕಾಡೂ ಇಲ್ಲ ಊರೂ ಇಲ್ಲ ಎಂಬ ಮಾತು ಚಹಾದಂಗಡಿಗಳಲ್ಲಿ ನಾನೇ ಕೇಳಿದ್ದೇನೆ. ಅದರಲ್ಲಿರುವ ಸಿಟ್ಟು ನ್ಯಾಯವಾದದ್ದು, ಬೆರಳು ತೋರಿಸುವ ದಿಕ್ಕು ತಪ್ಪು. ಸರಕಾರ ಮನಸ್ಸು ಮಾಡಿದರೆ ಸಾವಿರಾರು ಜನಕ್ಕೆ ನೆಲ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಕೊಡಬಲ್ಲದು ಎಂಬುದಕ್ಕೆ ಬೈಲುಕುಪ್ಪೆ ಸಾಕ್ಷಿ. ಜೇನುಕುರುಬರ ವಿಷಯದಲ್ಲಿ ಆ ಮನಸ್ಸು ಬರಲಿಲ್ಲ, ಅಷ್ಟೆ.

ಹುಣಸೂರಿನದು ಮತ್ತೂ ಬೇರೆ. ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಶತಮಾನಗಳ ಹಿಂದೆ ಪಶ್ಚಿಮ ಭಾರತದಿಂದ ಇಳಿದು ಬಂದವರು. ಮನೆಯಲ್ಲಾಡುವ ವಾಗ್ರಿಬೋಲಿ ಗುಜರಾತಿಗೆ ನಂಟು. ಹಕ್ಕಿ ಹಿಡಿಯುವುದನ್ನು 1972ರ ವನ್ಯಜೀವಿ ಕಾಯ್ದೆ ನಿಲ್ಲಿಸಿತು. ಅಲೆಯಬೇಡಿ, ಒಂದು ಕಡೆ ನಿಲ್ಲಿ ಎಂದು ಸರಕಾರ ಕಾಲೊನಿ ಮಾಡಿಕೊಟ್ಟಿತು. ಅವರು ನಿಂತರು, ಗಿಡಮೂಲಿಕೆ ಎಣ್ಣೆ ಕಾಸಲು ಕಲಿತರು, ಆಮೇಲೆ ಪಾಸ್‌ಪೋರ್ಟ್ ಮಾಡಿಸಿಕೊಂಡು ಆಫ್ರಿಕಕ್ಕೇ ಹೊರಟರು. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಹನ್ನೆರಡು ಸಾವಿರದಷ್ಟಿದ್ದ ಈ ಪುಟ್ಟ ಸಮುದಾಯದ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 2023ರ ಏಪ್ರಿಲ್‌ನಲ್ಲಿ. ಸುಡಾನಿನಲ್ಲಿ ಸೇನೆಗಳ ಕಾದಾಟ ಶುರುವಾದಾಗ ಹುಣಸೂರು, ಶಿವಮೊಗ್ಗ, ಚನ್ನಗಿರಿಯ ಹಕ್ಕಿಪಿಕ್ಕಿಗಳು ಎಲ್ ಫಾಷರ್‌ನಲ್ಲಿ ಸಿಕ್ಕಿಬಿದ್ದರು. ಚುನಾವಣೆ ಹೊತ್ತು ಬೇರೆ. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರಿಸಿದರು. ಅದೇ ತಿಂಗಳ ಕೊನೆಗೆ ಸರಕಾರ ‘ಆಪರೇಷನ್ ಕಾವೇರಿ’ ನಡೆಸಿ ಭಾರತೀಯರನ್ನು ಕರೆತಂದಿತು. ನನಗೆ ಮುಖ್ಯವೆನಿಸಿದ್ದು ಬೇರೆಯದು. ಗುಂಡಿನ ಸದ್ದಿನ ನಡುವೆ ಕೂತವರ ಕೈಯಲ್ಲಿ ನೀಲಿ ಪಾಸ್‌ಪೋರ್ಟ್ ಇತ್ತು, ಆದ್ದರಿಂದ ವಿಮಾನ ಬಂತು. ಅದೇ ತಾಲ್ಲೂಕಿನ ಗುರುಪುರದವನೊಬ್ಬ ಹಳದಿ ಪುಸ್ತಕ ಹಿಡಿದು ಅಲ್ಲಿ ಕೂತಿದ್ದರೆ?

ಕೆ.ಆರ್. ನಗರದಲ್ಲಿ ಕ್ಯಾಂಪಿಲ್ಲ, ಹಾಡಿಗಳ ಗದ್ದಲವೂ ಅಷ್ಟಿಲ್ಲ. ಕಾವೇರಿ ನಾಲೆ, ಭತ್ತದ ಗದ್ದೆ, ಮೈಸೂರು ಬೆಂಗಳೂರಿಗೆ ಹೋದ ಮಕ್ಕಳು. ಅಲ್ಲಿಯ ಜನಸಂಖ್ಯೆಯ ಸಮಸ್ಯೆ ಏನೆಂದು ಕೇಳಿದರೆ ಮೂವತ್ತೈದು ದಾಟಿದ ಯಾವ ರೈತನಾದರೂ ಹೇಳುತ್ತಾನೆ: ಹೆಣ್ಣು ಸಿಗ್ತಿಲ್ಲ. ಪಕ್ಕದ ಮಂಡ್ಯದ ಅವಿವಾಹಿತ ಯುವಕರು 2023ರಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ನಾವು ನಕ್ಕೆವು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಗು. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಫ್ರಾನ್ಸು, ಸ್ವೀಡನ್ನುಗಳಂಥ ದೇಶಗಳ ಸಾಲಿನಲ್ಲೇ ನಾವೂ ನಿಂತಾಗಿದೆ, ದುಡ್ಡಿನಲ್ಲಲ್ಲ, ತೊಟ್ಟಿಲ ಲೆಕ್ಕದಲ್ಲಿ. ಹಾಗಿರುವಾಗ ಕೆಲಸಕ್ಕೆ ಯಾರು? ಕೊಡಗಿನ ತೋಟಗಳಿಗೆ ಆಗಲೇ ಅಸ್ಸಾಮಿನವರು ಬಂದಿದ್ದಾರೆ. ಹುಣಸೂರಿನ ಕಟ್ಟಡಗಳ ಸಾರುವೆಯ ಮೇಲಿಂದ ಹಿಂದಿ ಕೇಳಿಸುತ್ತದೆ. ‘ಇವರು ನಿಜಕ್ಕೂ ಎಲ್ಲಿಯವರು, ಆಧಾರ್ ತೋರಿಸಲಿ’ ಎಂಬ ಮಾತೂ ಶುರುವಾಗಿದೆ. ಯುರೋಪಿನ ಜಗಳ ನಮ್ಮ ಬಸ್‌ಸ್ಟ್ಯಾಂಡಿಗೆ ಬಂದು ಇಳಿದಿದೆ.

ಮತ್ತೆ ಆ ಅಂಗಳಕ್ಕೆ ಬಂದರೆ, ಜೋಳ ಹರಡಿದವರ ಗುತ್ತಿಗೆ ಬಾಯಿಮಾತಿನದು. ವರ್ಷಕ್ಕಿಷ್ಟು ಎಂದು ಮಾತಾಗಿದೆ. ಸುತ್ತಲ ಕೆಲವು ಹೊಲಗಳಲ್ಲಿ ಶುಂಠಿ ಇದೆ, ವಯನಾಡಿನಿಂದ ಬಂದವರದು. ‘ಅವರು ಜಾಸ್ತಿ ದುಡ್ಡು ಕೊಡ್ತಾರೆ. ಆದ್ರೆ ಇವರು ನನಗೇ ಇರಲಿ ಅಂದ್ರು, ನಮ್ಮಪ್ಪ ಇವರಪ್ಪ ಒಟ್ಟಿಗೆ ಉತ್ತೋರು’ ಎಂದರು ಹೆಮ್ಮೆಯಿಂದ. ಆ ಹೆಮ್ಮೆಯ ಕೆಳಗೆ ಒಂದು ಅಂಜಿಕೆಯೂ ಇತ್ತು. ಗುತ್ತಿಗೆ ಕೊಟ್ಟವರೇ ಗುತ್ತಿಗೆದಾರರು, ಮೂಲ ಧಣಿ ಸರಕಾರ. ಮನೆಯವರು ಹೆಸರು ತೆಗೆಸಿಕೊಂಡರೆ ಈ ನೆಲ ಯಾರದಾಗುತ್ತದೆ? ಮಾತು ಅಲ್ಲಿಗೆ ಬಂದಾಗ ಅವರು ಜೋಳದ ಕಡೆ ತಿರುಗಿದರು.

ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು. ಇಬ್ಬರೂ ಸೇರಿ ಟಾರ್ಪಾಲು ಎಳೆದೆವು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು, ವಿಡಿಯೊ ಕರೆ. ಪರದೆಯಲ್ಲಿ ಟೋಪಿ ಹಾಕಿಕೊಂಡ ಒಬ್ಬ ಹುಡುಗ, ಹಿಂದೆ ಕಿಟಕಿ, ಕಿಟಕಿಯಾಚೆ ಬೆಳ್ಳಗಿನ ಆಕಾಶ. ‘ಏನಣ್ಣಾ, ಮಳೆನಾ?’ ಎಂದ ಕನ್ನಡದಲ್ಲಿ. ಇವರು ಫೋನನ್ನು ತಿರುಗಿಸಿ ಅಂಗಳ ತೋರಿಸಿದರು, ಟಾರ್ಪಾಲು ತೋರಿಸಿದರು, ಬೀಗದ ಹತ್ತಿರ ಹಿಡಿದು ಪ್ಲಾಸ್ಟಿಕ್ ಸುತ್ತಿದ್ದನ್ನು ತೋರಿಸಿದರು. ಟಿಬೆಟಿನ ಹೊಸ ವರ್ಷ ಲೋಸರ್ ಹಬ್ಬದ ದಿನ ಬಾಗಿಲು ತೆಗೆದು ಅಜ್ಜಿಯ ಫೋಟೊ ಮುಂದೆ ದೀಪ ಹಚ್ಚಬೇಕಂತೆ, ಕಳೆದ ವರ್ಷದ ಹಾಗೆ. ‘ಹಚ್ತೀನಿ ಬಿಡಪ್ಪಾ’ ಎಂದವರು ಒಂದು ಗಳಿಗೆ ಸುಮ್ಮನಿದ್ದು ಕೇಳಿದರು:

‘ನಿನಗೆ ಕಾಗದ ಆಯ್ತಾ?’

ಹುಡುಗ ಇನ್ನೂ ಇಲ್ಲ ಎಂಬಂತೆ ತಲೆಯಾಡಿಸಿದ. ಮಳೆಯ ಮೊದಲ ಹನಿಗಳು ಟಾರ್ಪಾಲಿನ ಮೇಲೆ ಬೀಳತೊಡಗಿದವು.